ಅಳೆಯದೆ ಹೋದ ಬಾಲ್ಯ

ದಕ್ಷಿಣ ಕನ್ನಡದ ಗುಡ್ಡಗಾಡಿನಲ್ಲಿ ಮಳೆಯ ಲೆಕ್ಕ ಬರೆದಿಡುವ ಕೃಷಿಕರು ಇಂದಿಗೂ ಇದ್ದಾರೆ. ಅಂಗಳದಲ್ಲಿ ನೆಟ್ಟ ಮಳೆಮಾಪಕದ ನೀರನ್ನು ಪ್ರತಿದಿನ ಬೆಳಗ್ಗೆ ಅಳೆದು, ದಿನಾಂಕದ ಎದುರು ಮಿಲಿಮೀಟರಿನಲ್ಲಿ ಬರೆದು, ಆ ಪುಸ್ತಕವನ್ನು ಮುಂದಿನ ತಲೆಮಾರಿಗೆ ಒಪ್ಪಿಸುವ ಮನೆಗಳಿವೆ. ಯಾವ ವರ್ಷ ಆಟಿಯ ಮಳೆ ಕೈಕೊಟ್ಟಿತು, ಯಾವ ವರ್ಷ ಬಿಡದೆ ಸುರಿದು ಅಡಿಕೆಗೆ ಕೊಳೆರೋಗ ತಂದಿತು ಎಂಬ ಚರ್ಚೆ ಎದ್ದಾಗ ಅಲ್ಲಿ ನೆನಪನ್ನು ನಂಬುವುದಿಲ್ಲ, ಪುಸ್ತಕವನ್ನು ತೆರೆಯುತ್ತಾರೆ. ಆಕಾಶದ ನೀರನ್ನು ಇಷ್ಟು ಶ್ರದ್ಧೆಯಿಂದ ಅಳೆದ ಇದೇ ಸೀಮೆಯಲ್ಲಿ, ಅದೇ ಆಕಾಶದಿಂದ ಇಳಿದ ವಿಷವನ್ನು ಅದು ಇಳಿಯುತ್ತಿದ್ದ ಕಾಲದಲ್ಲಿ ಅಳೆದವರಿಲ್ಲ. ಅದು ಯಾವ ದಿನ ಎಷ್ಟು ಬಿದ್ದಿತು, ಯಾವ ಬಾವಿಗೆ ಬಿದ್ದಿತು, ಆ ದಿನ ಆ ಬಾವಿಯ ನೀರು ಕುಡಿದ ಬಸುರಿ ಯಾರು ಎಂಬುದಕ್ಕೆ ಪುಸ್ತಕವಿಲ್ಲ.

ಎಂಡೋಸಲ್ಫಾನಿನ ಕಥೆ ಹಳೆಯದಾಯಿತು ಎಂದು ಪುಟ ಮಗುಚುವ ಓದುಗರು ಒಂದು ಕ್ಷಣ ತಾಳಬೇಕು. ವಿಷದ ಕಥೆ ಹಳೆಯದಾಗಿರಬಹುದು; ಅಳತೆಯ ಕಥೆ ಹಳೆಯದಾಗಿಲ್ಲ.

ಕಾಸರಗೋಡಿನಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿಗೆ ಸೇರಿದ ಗೇರು ತೋಟಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ 2000ದ ಡಿಸೆಂಬರಿನವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗಡಿಯ ಈಚೆಗೆ, ಬೆಳ್ತಂಗಡಿ ಮತ್ತು ಪುತ್ತೂರು ಸೀಮೆಯ ಗೇರು ಗುಡ್ಡಗಳಲ್ಲಿ, ಕರ್ನಾಟಕ ಗೇರು ಅಭಿವೃದ್ಧಿ ನಿಗಮವೂ 1980ರ ದಶಕದಿಂದ ಅದನ್ನೇ ಮಾಡಿತು. ಗೇರಿನ ಚಿಗುರನ್ನೂ ಹೂವನ್ನೂ ಒಣಗಿಸುವ ಟೀ ಸೊಳ್ಳೆಯನ್ನು ಕೊಲ್ಲುವುದು ಉದ್ದೇಶ. ಮರದ ತುದಿಯಿಂದ ಎರಡು ಮೂರು ಮೀಟರ್ ಎತ್ತರದಲ್ಲಷ್ಟೆ ಹಾರಬೇಕು, ಬಾವಿಗಳನ್ನು ಮುಚ್ಚಿರಬೇಕು ಎಂಬ ನಿಯಮಗಳಿದ್ದವು. ಗುಡ್ಡ ಕಣಿವೆಗಳ ಏರಿಳಿತದ ಮೇಲೆ ಹಾಗೆ ಹಾರಲು ಯಾವ ಚಾಲಕನಿಂದಲೂ ಸಾಧ್ಯವಿರಲಿಲ್ಲ. ಬಾವಿಯನ್ನು ಹೇಗೋ ಮುಚ್ಚಬಹುದು. ತೋಡನ್ನೂ ಸುರಂಗದ ಮದಕವನ್ನೂ ಮುಚ್ಚುವುದು ಹೇಗೆಂದು ನಿಯಮ ಬರೆದವರಿಗೆ ಹೊಳೆದಿರಲಿಕ್ಕಿಲ್ಲ.

ಎಣ್ಮಕಜೆ ಪಂಚಾಯತಿಗೆ ಸೇರಿದ ಪಡ್ರೆ ಗ್ರಾಮದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಅಂಗವಿಕಲವಾಗಿ ಹುಟ್ಟಿದ ಕರುಗಳು. ಅದನ್ನು ಬರೆದು ಪ್ರಶ್ನಿಸಿದವರು ಪತ್ರಕರ್ತ ಶ್ರೀ ಪಡ್ರೆ. ಅದೇ ಗ್ರಾಮದಲ್ಲಿ ವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನ್ ಕುಮಾರ್ ಅವರು, ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟು ಅಂಗವೈಕಲ್ಯ ಮುಂತಾದ ತೊಂದರೆಗಳು ಒಂದೇ ಪರಿಸರದ ಮನೆಗಳಲ್ಲಿ ಅಸಹಜವಾಗಿ ಕಾಣುತ್ತಿರುವುದನ್ನು ಗಮನಿಸಿ ವೈದ್ಯಕೀಯ ವಲಯದ ಮುಂದಿಟ್ಟರು. ಇವರಿಬ್ಬರೂ ಪ್ರಯೋಗಾಲಯ ಹೊಂದಿದವರಲ್ಲ. ಒಬ್ಬರ ಕೈಯಲ್ಲಿ ಟಿಪ್ಪಣಿ ಪುಸ್ತಕ, ಇನ್ನೊಬ್ಬರ ಮೇಜಿನ ಮೇಲೆ ರೋಗಿಗಳ ದಾಖಲೆ, ಅಷ್ಟೆ.

ಸರಕಾರಿ ವಿಜ್ಞಾನ ಪಡ್ರೆಗೆ ಬಂದದ್ದು 2001ರಲ್ಲಿ, ಸಿಂಪಡಣೆ ನಿಂತ ಮೇಲೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ ನಡೆಸಿದ ಅಧ್ಯಯನದ ಒಂದು ಭಾಗ 2003ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಅದನ್ನು ಗುಡ್ಡದ ಊರುಗಳ ವಿದ್ಯಾರ್ಥಿಗಳು ಒಮ್ಮೆಯಾದರೂ ಓದಬೇಕು. ಗೇರು ತೋಟದ ಅಡಿಯಲ್ಲಿರುವ ಗ್ರಾಮದ 10ರಿಂದ 19 ವರ್ಷದ 117 ಶಾಲಾ ಹುಡುಗರನ್ನು, ಸಿಂಪಡಣೆ ಕಾಣದ ಇನ್ನೊಂದು ಗ್ರಾಮದ 90 ಹುಡುಗರೊಂದಿಗೆ ಹೋಲಿಸಲಾಯಿತು. ರಕ್ತದ ಸೀರಮ್ಮಿನಲ್ಲಿ ಎಂಡೋಸಲ್ಫಾನಿನ ಶೇಷ ಎಷ್ಟಿದೆ, ಹಾರ್ಮೋನುಗಳ ಪ್ರಮಾಣವೇನು, ಪ್ರಾಯಕ್ಕೆ ಬರುವ ದೇಹಲಕ್ಷಣಗಳು ಯಾವ ಹಂತದಲ್ಲಿವೆ ಎಂದು ನೋಡಲಾಯಿತು. ಕೊನೆಯ ಸಿಂಪಡಣೆಯಾಗಿ ಸುಮಾರು 10 ತಿಂಗಳು ಕಳೆದಿದ್ದರೂ ಪಡ್ರೆಯ ಹುಡುಗರ ರಕ್ತದಲ್ಲಿ ಸರಾಸರಿ 7.47 ಪಿಪಿಬಿ ಎಂಡೋಸಲ್ಫಾನ್ ಇತ್ತು. ಹೋಲಿಕೆಯ ಗ್ರಾಮದಲ್ಲಿ 1.37. ಒಂದು ಪಿಪಿಬಿ ಎಂದರೆ ನೂರು ಕೋಟಿಯಲ್ಲಿ ಒಂದು ಭಾಗ. ವಿಷಕ್ಕೆ ತುತ್ತಾದ ಹುಡುಗರಲ್ಲಿ ಪ್ರಾಯದ ಲಕ್ಷಣಗಳು ವಯಸ್ಸಿಗೆ ತಕ್ಕಂತೆ ಬೆಳೆಯದೆ ಹಿಂದುಳಿದಿದ್ದವು, ಟೆಸ್ಟೋಸ್ಟೆರಾನ್ ಹಾರ್ಮೋನಿನ ಪ್ರಮಾಣವೂ ಕಡಿಮೆಯಿತ್ತು.

ಅಧ್ಯಯನಕಾರರು ತಮ್ಮ ಮಿತಿಯನ್ನೂ ಮುಚ್ಚಿಡಲಿಲ್ಲ. ಸಂಖ್ಯೆ ಸಣ್ಣದು, ಪಾಲ್ಗೊಳ್ಳಲು ಹಿಂಜರಿದವರೂ ಇದ್ದರು ಎಂದು ಬರೆದರು. ಹದಿಹರೆಯದ ಹುಡುಗ ಅಪರಿಚಿತ ವೈದ್ಯರ ಮುಂದೆ ಅಂಗಿ ಚಡ್ಡಿ ಕಳಚಿ ನಿಲ್ಲಲು ಒಪ್ಪದಿದ್ದರೆ ಅದು ಅವನ ತಪ್ಪಲ್ಲ. ಆದರೆ ಇನ್ನೊಂದು ಮಿತಿ ಇದಕ್ಕಿಂತ ದೊಡ್ಡದು. 2001ರಲ್ಲಿ 10ರಿಂದ 19 ವರ್ಷದವನೆಂದರೆ ಸುಮಾರಾಗಿ 1982ರಿಂದ 1991ರ ನಡುವೆ ಹುಟ್ಟಿದವನು. ಅವನು ಗರ್ಭದಲ್ಲಿದ್ದಾಗ, ಮೊಲೆಹಾಲು ಕುಡಿಯುವಾಗ, ಅಂಗಳದ ಮಣ್ಣಿನಲ್ಲಿ ಅಂಬೆಗಾಲಿಡುವಾಗ, ಪ್ರತಿ ಹಂತದಲ್ಲೂ ಹೆಲಿಕಾಪ್ಟರ್ ಹಾರಾಡುತ್ತಿದ್ದ ಕಾಲ ಅದು. ಆ ಯಾವ ಹಂತದಲ್ಲಿ ಅವನ ಮೈಯೊಳಗೆ ಎಷ್ಟು ಹೋಯಿತು ಎಂಬುದನ್ನು 2001ರ ಒಂದು ಸೀಸೆ ರಕ್ತ ಹೇಳಲಾರದು. ಎಂಡೋಸಲ್ಫಾನ್ ಮಣ್ಣಿನಲ್ಲಿ ಸಲ್ಫೇಟ್ ರೂಪ ತಾಳಿ ಬಹುಕಾಲ ಉಳಿಯುತ್ತದೆ, ಆದರೆ ಮನುಷ್ಯನ ರಕ್ತದಿಂದ ಬೇಗನೆ ಇಳಿದುಹೋಗುತ್ತದೆ. ಹಾಗಾಗಿ ರಕ್ತದ ಅಳತೆ ಇತ್ತೀಚಿನ ದಿನಗಳ ಲೆಕ್ಕವೇ ಹೊರತು ಹುಟ್ಟಿನಿಂದ ಬಂದ ಲೆಕ್ಕವಲ್ಲ.

ಮಕ್ಕಳ ವಿಷಯದಲ್ಲಿ ಈ ಕಾಲದ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಮಗು ಸಣ್ಣ ಗಾತ್ರದ ದೊಡ್ಡವನಲ್ಲ. ಮೈತೂಕದ ಪ್ರತಿ ಕಿಲೋಗೆ ಲೆಕ್ಕ ಹಾಕಿದರೆ ಅದು ದೊಡ್ಡವರಿಗಿಂತ ಹೆಚ್ಚು ಗಾಳಿ ಉಸಿರಾಡುತ್ತದೆ, ಹೆಚ್ಚು ನೀರು ಕುಡಿಯುತ್ತದೆ. ನೆಲಕ್ಕೆ ಹತ್ತಿರವಿರುತ್ತದೆ, ಕೈಯನ್ನು ಬಾಯಿಗೆ ಹಾಕುತ್ತದೆ. ಮಿದುಳು, ಶ್ವಾಸಕೋಶ, ಹಾರ್ಮೋನು ಗ್ರಂಥಿಗಳು ಕಟ್ಟಿಕೊಳ್ಳುವ ವಾರಗಳು ಗರ್ಭದಲ್ಲೇ ಬಂದು ಹೋಗುತ್ತವೆ. ಆ ವಾರದಲ್ಲಿ ತಗಲಿದ ಏಟು ಹತ್ತು ಹದಿನೈದು ವರ್ಷದ ನಂತರ ಶಾಲೆಯ ಬೆಂಚಿನ ಮೇಲೋ, ಮದುವೆಯಾದ ಮೇಲೋ ಕಾಣಿಸಬಹುದು. ಆಗ ಹಿಂದಿರುಗಿ ನೋಡಲು ಏನೂ ಉಳಿದಿರುವುದಿಲ್ಲ, ಯಾರಾದರೂ ಬರೆದಿಡದೆ ಇದ್ದರೆ.

ಬರೆದಿಡದ ಕಾರಣಕ್ಕೆ ಏನಾಯಿತೆಂಬುದನ್ನು 2001ರ ನಂತರದ ವಿವಾದಗಳು ತೋರಿಸಿವೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯಿಂದ ಒಯ್ದ ಮಾದರಿಗಳಲ್ಲಿ ಎಂಡೋಸಲ್ಫಾನ್ ಹೇರಳವಾಗಿದೆ ಎಂದಿತು. ಅದೇ ವರ್ಷ ಗೇರು ತೋಟದ ನಿಗಮದ ಪರವಾಗಿ ನಡೆದ ಪರೀಕ್ಷೆ ಮನುಷ್ಯರ ರಕ್ತದಲ್ಲಿ ಅದು ಇಲ್ಲವೆಂದಿತು. ಸಮಿತಿಯ ಮೇಲೆ ಸಮಿತಿ ಬಂದವು. ಒಂದು ಸಮಿತಿ ನಿಷೇಧಿಸಿ ಎಂದರೆ ಇನ್ನೊಂದು ಸಂಬಂಧ ಸಾಬೀತಾಗಿಲ್ಲ ಎಂದಿತು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ಕೈಬಿಡಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಅದರ ತಯಾರಿ ಮತ್ತು ಬಳಕೆಗೆ ತಡೆ ನೀಡಿತು. ಸಿಂಪಡಣೆ ನಿಂತು ಹತ್ತು ವರ್ಷ ಕಳೆದಿದ್ದರೂ ವಾದ ಇನ್ನೂ ಸಾಕ್ಷ್ಯದ ಮೇಲೆಯೇ ನಡೆಯುತ್ತಿತ್ತು. ಸಾಬೀತು ಮಾಡಬೇಕಾದ ಭಾರ ಮಾತ್ರ ವಿಷ ಕುಡಿದವರ ಹೆಗಲ ಮೇಲೆ ಉಳಿಯಿತು.

ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳ ಹೆಸರು ಈ ಪ್ರಕರಣದಲ್ಲಿ ಎಲ್ಲರಿಗೂ ಪರಿಚಿತ. ವರ್ಷಗಳ ಹೋರಾಟದ ನಂತರ ಅಲ್ಲಿನ ಪೀಡಿತರಿಗೆ ಪರಿಹಾರ, ಮಾಸಾಶನ, ಕೊಕ್ಕಡದಲ್ಲಿ ಹಗಲು ಪಾಲನಾ ಕೇಂದ್ರ ಇವೆಲ್ಲ ದೊರೆತವು. ಅದು ಸಣ್ಣ ಗೆಲುವೇನಲ್ಲ. ಮಲಗಿದಲ್ಲೇ ಇರುವ ಮಗನನ್ನು ಬಿಟ್ಟು ಕೂಲಿಗೆ ಹೋಗಲಾರದ ತಾಯಿಗೆ ಒಂದು ಹಗಲಿನ ಬಿಡುವು ಎಂದರೇನೆಂಬುದು ಅವಳಿಗಷ್ಟೇ ಗೊತ್ತು. ಆದರೆ ಮಾಸಾಶನವನ್ನು ನಿರ್ಧರಿಸಿದ್ದು ಅಂಗವೈಕಲ್ಯದ ಶೇಕಡಾವಾರು ಲೆಕ್ಕ. ವೈದ್ಯಕೀಯ ಶಿಬಿರದಲ್ಲಿ ಕಣ್ಣಿಗೆ ಕಂಡದ್ದಕ್ಕೆ ಅಂಕ. ಪಡ್ರೆಯ ಹುಡುಗರಲ್ಲಿ ಕಂಡ ಹಾರ್ಮೋನಿನ ಕೊರತೆಗೆ, ತಡವಾಗಿ ಬಂದ ಪ್ರಾಯಕ್ಕೆ, ಮುಂದೆ ಬರಬಹುದಾದ ಸಂತಾನಹೀನತೆಗೆ ಆ ಲೆಕ್ಕದಲ್ಲಿ ಜಾಗವಿಲ್ಲ. ಕೈಕಾಲು ನೆಟ್ಟಗಿರುವ, ಓದಿನಲ್ಲಿ ಮಾತ್ರ ಹಿಂದೆ ಬಿದ್ದ ಹುಡುಗಿಗೆ ಶೇಕಡಾ ಎಷ್ಟು? ಅವಳು ವಿಷದಿಂದ ಹಿಂದೆ ಬಿದ್ದಳೋ, ಬಡತನದಿಂದಲೋ, ಮೇಷ್ಟ್ರಿಲ್ಲದ ಶಾಲೆಯಿಂದಲೋ ಎಂದು ಬೇರ್ಪಡಿಸಿ ಹೇಳಲು ಹುಟ್ಟಿನಿಂದ ಇಟ್ಟ ದಾಖಲೆ ಬೇಕಿತ್ತು.

ಅಂಥ ದಾಖಲೆ ಇಡುವುದು ಈ ರಾಜ್ಯದಲ್ಲಿ ಸಾಧ್ಯವಿರಲಿಲ್ಲವೇ? ಖಂಡಿತ ಇತ್ತು. ಮೈಸೂರಿನಲ್ಲಿ, ಜನ ಇಂದಿಗೂ ಮಿಷನ್ ಆಸ್ಪತ್ರೆಯೆಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡಲಾಗುತ್ತಿತ್ತು. ಆ ಪುಸ್ತಕಗಳನ್ನು ಹಿಡಿದು 1990ರ ದಶಕದಲ್ಲಿ ಸಂಶೋಧಕರು, ಅಲ್ಲಿ ಹುಟ್ಟಿ ಆಗ ನಡುವಯಸ್ಸು ದಾಟಿ ಮೈಸೂರಿನಲ್ಲೇ ನೆಲೆಸಿದ್ದ 517 ಜನರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಕಡಿಮೆ ತೂಗಿದವರಲ್ಲಿ ಶೇಕಡಾ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ. ಮೂರು ಕಿಲೋ ದಾಟಿ ಚೆನ್ನಾಗಿ ತೂಗಿದವರಲ್ಲಿ ಶೇಕಡಾ 3. ಈ ಫಲಿತಾಂಶ 1996ರಲ್ಲಿ ಪ್ರಕಟವಾದಾಗ ಲೋಕದ ವೈದ್ಯರು ಅಚ್ಚರಿಯಿಂದ ಓದಿದರು. ಅರುವತ್ತು ವರ್ಷಗಳ ಹಿಂದೆ ಒಬ್ಬ ಸೂಲಗಿತ್ತಿ ನರ್ಸು ಯಾವ ಸಿದ್ಧಾಂತವೂ ತಿಳಿಯದೆ ತಕ್ಕಡಿ ನೋಡಿ ಬರೆದ ಅಂಕಿ ಅದು.

ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ 830 ಬಸುರಿಯರನ್ನು ಸೇರಿಸಿಕೊಂಡು ಇನ್ನೊಂದು ಅಧ್ಯಯನ ಆರಂಭವಾಯಿತು. ತಾಯಿಯ ರಕ್ತದ ಸಕ್ಕರೆ, ಬಿ-12 ಜೀವಸತ್ವ, ಆಹಾರ ಇವುಗಳನ್ನು ಹೆರಿಗೆಗೆ ಮುನ್ನವೇ ಅಳೆದು, ಹುಟ್ಟಿದ ಮಕ್ಕಳನ್ನು ಶಾಲೆಗೆ ಸೇರುವವರೆಗೆ, ಹದಿಹರೆಯದವರೆಗೆ, ಆಚೆಗೂ ಹಿಂಬಾಲಿಸಲಾಯಿತು. ಇಸವಿಯನ್ನು ಗಮನಿಸಬೇಕು. ಮೈಸೂರಿನ ಬಸುರಿಯ ರಕ್ತವನ್ನು ಇಷ್ಟು ಎಚ್ಚರಿಕೆಯಿಂದ ಅಳೆಯುತ್ತಿದ್ದ 1997ರಲ್ಲೇ ಗಡಿನಾಡಿನ ಬಸುರಿಯ ತಲೆಯ ಮೇಲೆ ಹೆಲಿಕಾಪ್ಟರ್ ಹಾರುತ್ತಿತ್ತು. ಒಂದು ಕಡೆ ಸಕ್ಕರೆ ಅಳೆದರು, ಇನ್ನೊಂದು ಕಡೆ ವಿಷವನ್ನು ಅಳೆಯಲಿಲ್ಲ. ವಿದ್ಯೆ ಇಲ್ಲದ್ದರಿಂದ ಹಾಗಾದದ್ದಲ್ಲ.

ಹೊರದೇಶದ ಒಂದು ಉದಾಹರಣೆ ಇಲ್ಲಿ ಉಪಯುಕ್ತ. ಅಮೆರಿಕದ ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆ ತರಕಾರಿಯ ಸೀಮೆ. ದುಡಿಯುವವರು ಬಹುಪಾಲು ಮೆಕ್ಸಿಕೋದಿಂದ ಬಂದ ಬಡ ಕೂಲಿಗಳು. 1999ರಲ್ಲಿ ಬರ್ಕ್ಲಿ ವಿಶ್ವವಿದ್ಯಾನಿಲಯದ ತಂಡ ಅಲ್ಲಿ ಆರು ನೂರು ಬಸುರಿಯರನ್ನು ಸೇರಿಸಿಕೊಂಡು ಚಮಾಕೋಸ್ ಎಂಬ ಅಧ್ಯಯನಕ್ಕೆ ತೊಡಗಿತು. ಬಸುರಿಯರ ಮೂತ್ರದಲ್ಲಿ ರಂಜಕಯುಕ್ತ ಕೀಟನಾಶಕಗಳ ಅಂಶ ಎಷ್ಟಿದೆಯೆಂದು ನೋಡಿದರು. ಮಕ್ಕಳಿಗೆ ಏಳು ವರ್ಷ ತುಂಬಿದಾಗ ಪರೀಕ್ಷಿಸಿದರೆ, ಗರ್ಭದಲ್ಲಿ ಅತಿ ಹೆಚ್ಚು ವಿಷಕ್ಕೆ ಒಡ್ಡಿಕೊಂಡ ಮಕ್ಕಳ ಬುದ್ಧಿಸೂಚ್ಯಂಕ ಅತಿ ಕಡಿಮೆ ಒಡ್ಡಿಕೊಂಡವರಿಗಿಂತ ಸುಮಾರು 7 ಅಂಕ ಕೆಳಗಿತ್ತು. ಹುಟ್ಟಿದ ನಂತರ ಮಗುವಿನದೇ ಮೂತ್ರದಲ್ಲಿ ಅಳೆದ ಪ್ರಮಾಣದಿಂದ ಇಂಥ ಸ್ಪಷ್ಟ ಸಂಬಂಧ ಸಿಗಲಿಲ್ಲ. ತಾಯಿಯನ್ನು ಬಸುರಿನಲ್ಲೇ ಅಳೆಯದೆ ಇದ್ದಿದ್ದರೆ ಆ ಮಕ್ಕಳೂ ಕೇವಲ ದಡ್ಡರೆನಿಸಿಕೊಂಡು ಬೆಳೆಯುತ್ತಿದ್ದರು.

ಆ ಅಧ್ಯಯನಕ್ಕೆ ಬಲ ಕೊಟ್ಟದ್ದು ಪ್ರಯೋಗಾಲಯವೊಂದೇ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ 1990ರಿಂದ ಕೃಷಿಯ ಪ್ರತಿಯೊಂದು ಸಿಂಪಡಣೆಯನ್ನೂ, ಯಾವ ಮದ್ದು, ಎಷ್ಟು, ಯಾವ ಹೊಲ, ಯಾವ ದಿನ ಎಂದು ಸ್ಥಳೀಯ ಅಧಿಕಾರಿಗೆ ಬರೆದುಕೊಡುವುದು ಕಡ್ಡಾಯ. ಮನೆಯ ಸುತ್ತ ಬಿದ್ದ ವಿಷವನ್ನು ವರ್ಷಗಳ ನಂತರವೂ ಆ ಕಡತದಿಂದ ಲೆಕ್ಕ ಹಾಕಬಹುದು. ಇನ್ನೊಂದು ದಾಖಲೆ ಮಗುವಿನ ಬಾಯಲ್ಲೇ ಇದೆ. ಹಾಲುಹಲ್ಲು ಗರ್ಭದಲ್ಲೇ ಪದರ ಪದರವಾಗಿ ಬೆಳೆಯಲಾರಂಭಿಸುತ್ತದೆ. ಹುಟ್ಟಿದ ಹೊತ್ತಿನಲ್ಲಿ ಅದರೊಳಗೆ ಒಂದು ಗೆರೆ ಮೂಡುತ್ತದೆ. ಆ ಗೆರೆಯ ಈಚೆ ಆಚೆ ಉಳಿದಿರುವ ಸೀಸ, ಮ್ಯಾಂಗನೀಸ್ ಮುಂತಾದ ಲೋಹಗಳನ್ನು ಅಳೆದರೆ ಯಾವುದು ಬಸುರಿನಲ್ಲಿ ಸೇರಿತು, ಯಾವುದು ಹುಟ್ಟಿದ ಮೇಲೆ ಎಂದು ತಿಳಿಯುತ್ತದೆ. ಸಲಿನಾಸಿನ ಮಕ್ಕಳ ಉದುರಿದ ಹಲ್ಲುಗಳಲ್ಲಿ ಮ್ಯಾಂಗನೀಸ್ ಹೆಚ್ಚಿದ್ದದ್ದು ಮ್ಯಾಂಗನೀಸ್ ಬೆರೆತ ಶಿಲೀಂಧ್ರನಾಶಕದ ಬಳಕೆಯೊಂದಿಗೆ ಹೊಂದಿಕೊಂಡಿತು. ಹೊಲದಲ್ಲಿ ದುಡಿದವರ ಮೆಟ್ಟುಗಳನ್ನು ಮನೆಯೊಳಗೆ ಇಡುವ ಅಭ್ಯಾಸದೊಂದಿಗೂ ಹೊಂದಿಕೊಂಡಿತು! ತುಳುನಾಡಿನ ಅಜ್ಜಿಯಂದಿರು ಮೆಟ್ಟನ್ನು ಜಗಲಿಯಾಚೆಗೆ ಬಿಡಿಸಿದ್ದಕ್ಕೆ ಇಷ್ಟು ಸಂಶೋಧನೆಯ ಬೆಂಬಲ ಸಿಕ್ಕೀತೆಂದು ಅವರಿಗೂ ತಿಳಿದಿರಲಿಲ್ಲ. ಆದರೆ ಉದುರಿದ ಹಲ್ಲನ್ನು ಸೆಗಣಿಯಲ್ಲಿ ಸುತ್ತಿ ಮಾಡಿನ ಮೇಲೆ ಎಸೆಯುವ ಪದ್ಧತಿಯಿಂದ ಒಂದು ಒಳ್ಳೆಯ ದಾಖಲೆ ಹಂಚಿನ ಮೇಲೆ ಕಳೆದುಹೋಗುತ್ತಿದೆ ಎಂಬುದೂ ನಿಜ.

ಎಲ್ಲವನ್ನೂ ಅಳೆಯುತ್ತೇವೆಂದು ಹೊರಟವರ ಗತಿಯನ್ನೂ ನೆನೆಯಬೇಕು. ಅದೇ ಅಮೆರಿಕದಲ್ಲಿ ಒಂದು ಲಕ್ಷ ಮಕ್ಕಳನ್ನು ಗರ್ಭದಿಂದ 21 ವರ್ಷದವರೆಗೆ ಹಿಂಬಾಲಿಸುವ ರಾಷ್ಟ್ರೀಯ ಯೋಜನೆಗೆ 2000ದಲ್ಲಿ ಕಾನೂನಿನ ಒಪ್ಪಿಗೆ ಸಿಕ್ಕಿತು. ನೂರು ಕೋಟಿ ಡಾಲರಿಗೂ ಮೀರಿ ಖರ್ಚಾದ ಮೇಲೆ 2014ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಲಾಯಿತು. ಸಲಿನಾಸಿನ ಆರು ನೂರು ತಾಯಂದಿರ ಅಧ್ಯಯನ ಅದಕ್ಕಿಂತ ಹೆಚ್ಚು ಬಾಳಿತು.

ಈಗ ತೋಡಾರಿಗೆ ಬರಬಹುದು. ತೋಡಾರಿನಲ್ಲಾಗಲಿ ಸುತ್ತಲಿನ ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿಯ ಊರುಗಳಲ್ಲಾಗಲಿ ಇಂದು ಎಂಡೋಸಲ್ಫಾನ್ ಇಲ್ಲ. ಆದರೆ ತೋಟಕ್ಕೆ ಮದ್ದು ಬಿಡುವುದು ನಿಂತಿಲ್ಲ. ಮೈಲುತುತ್ತು ಸುಣ್ಣದ ಬೋರ್ಡೋ ದ್ರಾವಣ ತಲೆಮಾರುಗಳಿಂದ ಬಂದದ್ದು. ಅದನ್ನು ಎಂಡೋಸಲ್ಫಾನಿನ ಸಾಲಿಗೆ ಸೇರಿಸಿ ಹೆದರಿಸುವುದು ಅನ್ಯಾಯ. ಅದರ ಜೊತೆಗೆ ಈಚೆಗೆ ಬಂದ ಶಿಲೀಂಧ್ರನಾಶಕಗಳು, ಕೂಲಿ ಸಿಗದ ಕಾರಣಕ್ಕೆ ತೋಟದ ಬುಡಕ್ಕೂ ರಬ್ಬರಿನ ಸಾಲಿಗೂ ಹೊಡೆಯುವ ಕಳೆನಾಶಕ, ಕಲ್ಲು ಕೋರೆಯ ಧೂಳು, ಒದ್ದೆ ಸೌದೆಯ ಅಡುಗೆಮನೆಯ ಹೊಗೆ, ರಾತ್ರಿಯಿಡೀ ಉರಿಯುವ ಸೊಳ್ಳೆಬತ್ತಿ, ಇವೆಲ್ಲದರ ನಡುವೆ ಇಂದಿನ ಮಗು ಬೆಳೆಯುತ್ತಿದೆ. ಇವುಗಳಲ್ಲಿ ಯಾವುದು ಎಷ್ಟು ಕೆಡುಕು ಎಂದು ಈಗಲೇ ತೀರ್ಪು ಕೊಡುವುದು ಅವಸರವಾದೀತು. 2040ರಲ್ಲಿ ಯಾರಾದರೂ ಪ್ರಶ್ನೆ ಕೇಳಿದಾಗ ತೆರೆದು ನೋಡಲು ಒಂದು ಪುಸ್ತಕ ಇರಬೇಕೆಂಬುದಷ್ಟೇ ಇಂದಿನ ಬೇಡಿಕೆ.

ಅರ್ಧ ಪುಸ್ತಕ ಈಗಾಗಲೇ ಇದೆ. ತಾಯಿ ಕಾರ್ಡಿನಲ್ಲಿ ಬಸುರಿನ ತಿಂಗಳುಗಳೂ ಹುಟ್ಟುತೂಕವೂ ಇವೆ. ಅಂಗನವಾಡಿಯಲ್ಲಿ ತಿಂಗಳ ತೂಕದ ಪಟ್ಟಿ ಇದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಯಾವ ಮಗು ಯಾವ ವಾರ ಜ್ವರವೆಂದು ಬರಲಿಲ್ಲ ಎಂಬುದೂ ಇದೆ. ಇಲ್ಲದಿರುವುದು ಇನ್ನರ್ಧ, ಅಂದರೆ ಮಗುವಿನ ಸುತ್ತ ಏನಿತ್ತು ಎಂಬ ಭಾಗ. ಮನೆಗೆ ನೀರು ಯಾವ ಬಾವಿಯದು, ತೋಟಕ್ಕೆ ಯಾವ ದಿನ ಯಾವ ಡಬ್ಬಿಯ ಮದ್ದು ಎಷ್ಟು ಬಿಟ್ಟರು, ಆಗ ಮನೆಯಲ್ಲಿ ಬಸುರಿ ಇದ್ದಳೇ, ಅಡುಗೆಗೆ ಸೌದೆಯೋ ಗ್ಯಾಸೋ, ಇಷ್ಟನ್ನು ಬರೆಯಲು ಡಾಕ್ಟರೇಟ್ ಬೇಡ. ಮದ್ದಿನ ಡಬ್ಬಿಯ ಚೀಟಿಯನ್ನು ಕಿತ್ತು ದಿನಾಂಕ ಹಾಕಿ ಅಂಟಿಸಿದರೂ ಆದೀತು. ತೋಡಾರಿನಲ್ಲಿ ಇಂಜಿನಿಯರಿಂಗ್ ಕಾಲೇಜಿದೆ. ಬಾವಿ, ತೋಡು, ಕೋರೆ, ಅಂಗನವಾಡಿಗಳ ನಕ್ಷೆಯೊಂದನ್ನು ವಿದ್ಯಾರ್ಥಿಗಳು ಒಂದು ಬೇಸಗೆ ರಜೆಯಲ್ಲಿ ಮಾಡಬಲ್ಲರು. ಮಂಗಳೂರಿನ ಸುತ್ತ ಇಷ್ಟೊಂದು ವೈದ್ಯಕೀಯ ಕಾಲೇಜುಗಳಿವೆ. ಅವುಗಳಲ್ಲಿ ಒಂದಾದರೂ ಕೆಲವು ಗ್ರಾಮಗಳ ಬಸುರಿಯರನ್ನು ಒಪ್ಪಿಗೆ ಪಡೆದು ಸೇರಿಸಿಕೊಂಡು ಇಪ್ಪತ್ತು ವರ್ಷ ಹಿಂಬಾಲಿಸುವ ಹೊಣೆ ಹೊರಬೇಕು. ಸಿಂಪಡಣೆಯ ದಾಖಲೆಯನ್ನು ಪಂಚಾಯತಿಗೆ ಕೊಡಬೇಕೆಂಬ ನಿಯಮವನ್ನು ದೊಡ್ಡ ತೋಟಗಳಿಂದ, ನಿಗಮಗಳಿಂದ ಆರಂಭಿಸಬೇಕು. ಎರಡೆಕರೆಯ ರೈತನ ಕೊರಳಿಗೆ ಮೊದಲು ಕಟ್ಟುವುದು ಬೇಡ.

ಒಪ್ಪಿಗೆ ಎಂಬ ಮಾತು ಬಂತು. ರಕ್ತ ಕೊಟ್ಟ ಮನೆಗೆ ಫಲಿತಾಂಶ ಬರಬೇಕು, ಅದೂ ಕನ್ನಡದಲ್ಲಿ, ತಾಯಿಗೆ ಅರ್ಥವಾಗುವಂತೆ. ಮಗುವಿನ ಮೈಯಲ್ಲಿ ಇಷ್ಟು ಸಿಕ್ಕಿತು, ಇದರ ಅರ್ಥ ಇಷ್ಟರಮಟ್ಟಿಗೆ ಗೊತ್ತಿದೆ, ಇಷ್ಟು ಗೊತ್ತಿಲ್ಲ ಎಂದು ಜಗಲಿಯಲ್ಲಿ ಕುಳಿತು ಹೇಳುವ ವ್ಯವಧಾನ ಸಂಶೋಧಕನಿಗೆ ಇರಬೇಕು. ಮಗಳ ಹೆಸರು ಪೀಡಿತರ ಪಟ್ಟಿಯಲ್ಲಿ ಕಂಡರೆ ಮದುವೆಗೆ ತೊಡಕಾದೀತೆಂದು ಹೆದರುವ ತಂದೆಯ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ; ಹೆಸರು ಗುಟ್ಟಾಗಿ ಉಳಿಯುವ ಭರವಸೆ ಬರಹದಲ್ಲಿರಬೇಕು. ದಾಖಲೆಯ ಒಂದು ಪ್ರತಿ ದೂರದ ಕಚೇರಿಯಲ್ಲಿದ್ದರೆ ಇನ್ನೊಂದು ಪ್ರತಿ ಆ ಮನೆಯ ಪೆಟ್ಟಿಗೆಯಲ್ಲಿ, ಪಡಿತರ ಚೀಟಿ ಮತ್ತು ಜಾಗದ ಪಹಣಿಯ ಜೊತೆಗೆ ಇರಬೇಕು. ಪಡ್ರೆಯಲ್ಲಿ 2001ರಲ್ಲಿ ರಕ್ತ ಕೊಟ್ಟ ಹುಡುಗರು ಇಂದು ಮೂವತ್ತು ದಾಟಿದವರು, ಕೆಲವರು ನಲವತ್ತು ದಾಟಿದವರು. ಅವರ ಮಕ್ಕಳು ಶಾಲೆಗೆ ಹೋಗುವ ಕಾಲ ಇದು.